ಬೂದಿಗುಡ್ಡದ ಉಪನ್ಯಾಸ ಮತ್ತು ಅಜ್ಜನ ಪ್ರಶ್ನೆ

ಬಳ್ಳಾರಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇತಿಹಾಸ ಪಾಠ ಮಾಡುವ ನಾನು, ನಮ್ಮ ವಿಭಾಗದ ಹಳೆಯ ವಿದ್ಯಾರ್ಥಿಗಳಿಗೂ ಅವರ ಊರಿನವರಿಗೂ ತಿಂಗಳಿಗೊಂದು ಆನ್‌ಲೈನ್ ಉಪನ್ಯಾಸ ಕೊಡಲು ಆರಂಭಿಸಿದಾಗ, ತರಗತಿಯಲ್ಲಿ ಹೇಳುವುದನ್ನೇ ಕ್ಯಾಮೆರಾದ ಮುಂದೆ ಹೇಳಿದರೆ ಸಾಕೆಂದು ನಂಬಿದ್ದೆ. ಮೊದಲ ಉಪನ್ಯಾಸ 70 ನಿಮಿಷ ನಡೆಯಿತು. ಮುಗಿಯುವ ಹೊತ್ತಿಗೆ ಸೇರಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರಟುಹೋಗಿದ್ದರು. ಮರುದಿನ, ಸಿರುಗುಪ್ಪ ಕಡೆಯ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿರುವ ಹಳೆಯ ವಿದ್ಯಾರ್ಥಿನಿ ಫೋನ್ ಮಾಡಿ, "ಸರ್, ನಕ್ಷೆಯೊಳಗಿನ ಅಕ್ಷರ ಮೊಬೈಲಿನಾಗ ಇರುವೆ ಸಾಲಿದ್ದಂಗ ಕಾಣ್ತಿದ್ವು" ಎಂದರು.

ಅಂದಿನಿಂದ ಪ್ರತಿ ಸ್ಲೈಡನ್ನೂ ಮೊದಲು ನನ್ನ ಫೋನಿನಲ್ಲಿ ತೆರೆದು, ಕೈ ಚಾಚಿ ಹಿಡಿದು ಓದಿ ನೋಡುತ್ತೇನೆ; ಓದಲಾಗದ್ದನ್ನು ತೆಗೆದುಹಾಕುತ್ತೇನೆ. ಒಂದು ಸ್ಲೈಡಿಗೆ ಒಂದೇ ಚಿತ್ರ. ಮಾತು 35 ನಿಮಿಷಕ್ಕೆ ಮುಗಿಯಬೇಕು, ಪ್ರಶ್ನೆಗಳಿಗೆ ಗಡಿಯಾರ ನೋಡಬಾರದು. ಮೈಕಿಗೆ ಗಾಳಿಯ ಸದ್ದು ತಾಗದಂತೆ ಫ್ಯಾನ್ ಆರಿಸಿಯೇ ಕೂರುತ್ತೇನೆ. ಬಳ್ಳಾರಿಯ ಏಪ್ರಿಲ್‌ನಲ್ಲಿ ಅದು ಸುಲಭವಲ್ಲವಾದರೂ, ದೂರದಲ್ಲಿ ಕೇಳುವವರಿಗೆ ದನಿಯೇ ಎಲ್ಲಕ್ಕಿಂತ ಮುಖ್ಯ. ಚಿತ್ರ ತಡೆದು ನಿಂತರೂ ಸಹಿಸುತ್ತಾರೆ, ಮಾತು ಕಡಿದರೆ ಸಹಿಸುವುದಿಲ್ಲ.

ಎರಡನೆಯ ಉಪನ್ಯಾಸಕ್ಕೆ ನಾನು ಆಯ್ದುಕೊಂಡದ್ದು ನಮ್ಮ ಜಿಲ್ಲೆಯ ಬೂದಿಗುಡ್ಡಗಳನ್ನು. ಕುಡತಿನಿ, ಕಪ್ಪಗಲ್ಲು, ಸಂಗನಕಲ್ಲುಗಳ ಸುತ್ತ ಇರುವ ಈ ದಿಬ್ಬಗಳು ರಕ್ಕಸನನ್ನು ಸುಟ್ಟ ಬೂದಿಯೆಂಬ ಮಾತು ಹಿಂದಿನಿಂದಲೂ ಇದೆ. ಅದು ಸುಟ್ಟ ಸಗಣಿ ಎಂಬುದನ್ನು 19ನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದರು. ಮುಂದೆ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉತನೂರಿನಲ್ಲಿ 1957ರಲ್ಲಿ ಅಗೆದಾಗ, ಅಂಥದೇ ದಿಬ್ಬದಡಿ ಕಂಬ ನೆಟ್ಟು ಕಟ್ಟಿದ ದೊಡ್ಡಿಯ ಗುರುತೂ ದನಗಳ ಗೊರಸಿನ ಅಚ್ಚೂ ಸಿಕ್ಕವು. ಸಾವಿರಾರು ವರ್ಷಗಳ ಹಿಂದಿನ ದನಗಾಹಿಗಳ ಈ ಗುರುತನ್ನು ಪರದೆಯ ಮೇಲೆ ಇಟ್ಟು ನಾನು ಮಾತು ನಿಲ್ಲಿಸಿದೆ.

ಆಗ ಕುಡತಿನಿ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬನ ಫೋನಿನಿಂದ ವಯಸ್ಸಾದ ದನಿಯೊಂದು ಕೇಳಿತು. ಮನೆಯ ಪಡಸಾಲೆಯಲ್ಲಿ ಏಳೆಂಟು ಮಂದಿ ಒಂದೇ ಫೋನಿನ ಸುತ್ತ ಕುಳಿತಿದ್ದರು. "ಗೊಬ್ಬರಾನ ಸುಟ್ಟುಬಿಟ್ರ ಹೊಲಕ್ಕೇನು ಹಾಕ್ತಿದ್ರು, ಸರ?" ಎಂದು ಅವನ ಅಜ್ಜ ಕೇಳಿದರು.

ಇಷ್ಟು ವರ್ಷ ತರಗತಿಯಲ್ಲಿ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ತಿಪ್ಪೆಯ ಬೆಲೆ ಬಲ್ಲವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಬೆಂಕಿ ಹಚ್ಚುವುದು ಆ ಜನರಿಗೆ ಒಂದು ಆಚರಣೆಯಾಗಿತ್ತೆಂದು ವಿದ್ವಾಂಸರು ಊಹಿಸಿದ್ದಾರೆಂದು ಹೇಳಿದೆ. ಆದರೆ ಹಾಗೆ ಹೇಳುವಾಗಲೇ, ಹೊಲದ ಮಾತಿಗೆ ಅದು ಉತ್ತರವಲ್ಲವೆಂದು ನನಗೆ ತಿಳಿಯಿತು. "ಅಜ್ಜಾರ, ಇದಕ್ಕೆ ಓದಿಕೊಂಡು ಬರ್ತೀನಿ" ಎಂದು ಒಪ್ಪಿಕೊಂಡೆ.

ಮುಂದಿನ ತಿಂಗಳ ಉಪನ್ಯಾಸ ಆ ಪ್ರಶ್ನೆಯಿಂದಲೇ ಶುರುವಾಯಿತು. ಸಂಗನಕಲ್ಲಿನ ಅಗೆತದಲ್ಲಿ ಸಿಕ್ಕ ಕರಕಲು ಕಾಳುಗಳನ್ನು ಪರೀಕ್ಷಿಸಿ, ಆ ಜನ ಕೊರಲೆ, ಹುರುಳಿ, ಹೆಸರು ಬೆಳೆಯುತ್ತಿದ್ದರೆಂದು ತಿಳಿದಿರುವುದನ್ನು ವಿವರಿಸಿದೆ. ಇವೆಲ್ಲ ನಮ್ಮ ಮಳೆಯಾಶ್ರಿತ ಭೂಮಿಯಲ್ಲಿ ಹೆಚ್ಚು ಗೊಬ್ಬರ ಬೇಡದೆ ಬರುವ ಬೆಳೆಗಳು. ಅಜ್ಜ ಎಲ್ಲವನ್ನೂ ಕೇಳಿ, "ದನ ಬಾಳ ಇದ್ದು ಹೊಲ ಸಣ್ಣದಿದ್ರ ತಿಪ್ಪಿ ಉಳೀತದ, ಉಳಿದದ್ದನ್ನ ಸುಡ್ತಾರ" ಎಂದರು. ಅದು ಸಿದ್ಧಪಟ್ಟ ಉತ್ತರವೆಂದು ನಾನು ಹೇಳಲಾರೆ, ಆದರೆ ಪರಿಶೀಲಿಸಲು ಯೋಗ್ಯವಾದ ಊಹೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದನ್ನು ಅವರ ಹೆಸರಿನಲ್ಲೇ ಬರೆದಿಟ್ಟಿದ್ದೇನೆ.

ಆ ಧ್ವನಿಮುದ್ರಣವನ್ನು ಅವರ ಒಪ್ಪಿಗೆ ಪಡೆದು ಉಳಿಸಿಕೊಂಡಿದ್ದೇವೆ. ಮಳೆಗಾಲ ಮುಗಿದ ಮೇಲಿನ ಉಪನ್ಯಾಸವನ್ನು ನನ್ನ ಕೋಣೆಯಿಂದಲ್ಲ, ಕುಡತಿನಿಯ ದಿಬ್ಬದ ಪಕ್ಕದಿಂದಲೇ ಫೋನಿನಲ್ಲಿ ನೇರವಾಗಿ ಕೊಡುವುದೆಂದು ನಿಶ್ಚಯಿಸಿದ್ದೇವೆ. ಅಲ್ಲಿ ಸಿಗ್ನಲ್ ನಿಲ್ಲುವ ಜಾಗವನ್ನು ಮೊಮ್ಮಗ ಈಗಾಗಲೇ ನೋಡಿಬಂದಿದ್ದಾನೆ. ಮೊದಲು ಮಾತಾಡುವವರು ಅಜ್ಜ.