ಊರಿನಲ್ಲಿ ಮಾನಸಿಕ ಆರೋಗ್ಯದ ಸಭೆ ನಡೆಸುವುದು ಹೇಗೆ

ವಿಶ್ವ ಮಾನಸಿಕ ಆರೋಗ್ಯ ದಿನವಾದ ಅಕ್ಟೋಬರ್ 10 ಬಂತೆಂದರೆ ಬ್ಯಾನರ್ ಕಟ್ಟಿ, ದೀಪ ಬೆಳಗಿಸಿ, ನಾಲ್ಕು ಭಾಷಣ ಮಾಡಿಸಿ ಜನರನ್ನು ಕಳಿಸುವುದು ರೂಢಿಯಾಗಿಬಿಟ್ಟಿದೆ. ಕೇಳಿದವರಿಗೆ ಒಂದಿಷ್ಟು ಮಾಹಿತಿ ಸಿಗುತ್ತದೆ. ಆದರೆ ಮಾನಸಿಕ ಕಾಯಿಲೆ ಇರುವವರ ಮನೆಗೆ ಹೆಣ್ಣು ಕೊಡದ, ಅವರನ್ನು ಕೂಲಿಗೆ ಕರೆಯದ, ಮದುವೆ ಮುಂಜಿಗೆ ಹೇಳದ ಅಭ್ಯಾಸ ಮಾಹಿತಿಯೊಂದರಿಂದಲೇ ಹೋಗುವುದಿಲ್ಲ. ಚೇತರಿಸಿಕೊಂಡು ಬದುಕು ಕಟ್ಟಿಕೊಂಡ ಒಬ್ಬರ ಜೊತೆ ಎದುರುಬದುರು ಕೂತು ಮಾತಾಡಿದಾಗ, ಅದೇ ವಾರ ಚಿಕಿತ್ಸೆಗೆ ದಾರಿಯೂ ಕಂಡಾಗ ಜನ ಬದಲಾಗುತ್ತಾರೆ. ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದವರು, ಶಿಕ್ಷಕರು ಅಂಥ ಸಭೆ ನಡೆಸಲು ಬೇಕಾದ ವಿವರ ಇಲ್ಲಿದೆ.

ಮೊದಲು ಆಸ್ಪತ್ರೆಯ ದಾರಿ ನೋಡಿಕೊಳ್ಳಿ

ಸಭೆಗೆ ಎರಡು ವಾರ ಮುಂಚೆಯೇ ಈ ಕೆಲಸ ಮುಗಿದಿರಬೇಕು. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ಏರ್ಪಾಡಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಬರುತ್ತಾರೆ, ಎಷ್ಟು ಹೊತ್ತಿಗೆ, ಯಾವ ಕೊಠಡಿ, ಮಾತ್ರೆ ಅಲ್ಲೇ ಸಿಗುತ್ತದೆಯೇ ಎಂದು ಹೋಗಿ ವಿಚಾರಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಕಾಣಿ. ಸಾಮಾನ್ಯ ಖಿನ್ನತೆ, ಆತಂಕಕ್ಕೆ ಅವರೇ ಚಿಕಿತ್ಸೆ ಶುರುಮಾಡಬಹುದು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನೇ ಮಾಡಿ ತೋರಿಸಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಪ್ರಯೋಗವೇ ಮಾದರಿ.

ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ನೀವೇ ಒಮ್ಮೆ ಕರೆ ಮಾಡಿ. 2022ರಿಂದ ಇರುವ ಈ ಸೇವೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಕನ್ನಡಕ್ಕೆ ಯಾವ ಗುಂಡಿ ಒತ್ತಬೇಕು, ಆಮೇಲೆ ಏನು ಕೇಳುತ್ತಾರೆ ಎಂಬುದು ನಿಮಗೆ ಗೊತ್ತಿದ್ದರೆ ಮಾತ್ರ ಇನ್ನೊಬ್ಬರಿಗೆ ಧೈರ್ಯವಾಗಿ ಹೇಳಬಹುದು. ಕಳಿಸಲು ಒಂದು ಜಾಗ ಗೊತ್ತಾಗದೆ ಸಭೆ ಇಟ್ಟುಕೊಳ್ಳಬೇಡಿ. ಧೈರ್ಯ ಮಾಡಿ ಬಾಯಿ ಬಿಟ್ಟವರನ್ನು ಬರಿಗೈಲಿ ಕಳಿಸಿದರೆ ಅವರು ಮತ್ತೆ ಬಾಯಿ ಬಿಡುವುದು ಕಷ್ಟ.

ಜಾಗ, ಹೊತ್ತು, ಹೆಸರು

ಇಪ್ಪತ್ತರಿಂದ ಇಪ್ಪತ್ತೈದು ಜನ, ಒಂದು ಗಂಟೆ, ಮೈಕ್ ಬೇಡ, ವೇದಿಕೆ ಬೇಡ, ದುಂಡಗೆ ಕೂರಿ. ಹೆಂಗಸರಿಗೆ ಸಂಘದ ವಾರದ ಸಭೆಯಲ್ಲೇ ಸಮಯ ಕೇಳಿ. ಗಂಡಸರನ್ನು ಸಭೆಗೆ ಕರೆದರೆ ಬರುವುದು ಕಡಿಮೆ. ಸಂಜೆ ಹಾಲು ಹಾಕಿ ಆದಮೇಲೆ ಡೇರಿ ಮುಂದೆಯೇ ಮಾಡಿ.

ಬ್ಯಾನರಿನ ಮೇಲೆ ‘ಮಾನಸಿಕ ರೋಗ’ ಎಂದು ಬರೆದರೆ ಬಂದವರನ್ನೆಲ್ಲ ಊರು ಗುರುತಿಟ್ಟುಕೊಳ್ಳುತ್ತದೆ ಎಂಬ ಭಯಕ್ಕೆ, ನಿಜವಾಗಿ ಬೇಕಾದವರೇ ಬರುವುದಿಲ್ಲ. ‘ನಿದ್ದೆ, ಚಿಂತೆ, ಸಿಟ್ಟು’ ಎಂದು ಹೆಸರಿಡಿ. ತಲೆ ಮೇಲೆ ಕೈಹೊತ್ತು ಕತ್ತಲಲ್ಲಿ ಕೂತವರ ಚಿತ್ರವೂ ಬೇಡ.

ಅನುಭವ ಹೇಳುವವರು

ಇಡೀ ಸಭೆ ನಿಂತಿರುವುದು ಇವರ ಮೇಲೆ. ಆದ್ದರಿಂದ ಹೆಚ್ಚು ಎಚ್ಚರ ಬೇಕಾದದ್ದೂ ಇಲ್ಲೇ. ತಾಲೂಕು ಆಸ್ಪತ್ರೆಯ ಆಪ್ತಸಮಾಲೋಚಕರಿಗೆ ಹೇಳಿದರೆ, ಅವರು ಚೇತರಿಸಿಕೊಂಡವರನ್ನು ಕೇಳಿ, ಒಪ್ಪಿದರೆ ನಿಮಗೆ ಪರಿಚಯಿಸುತ್ತಾರೆ. ನೀವಾಗಿ ಹೆಸರು ಕೆದಕಬೇಡಿ; 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ರೋಗಿಯ ವಿವರ ಗುಟ್ಟಾಗಿರಬೇಕಾದದ್ದು. ಬೇರೆ ಊರಿನವರಾದರೆ ಒಳ್ಳೆಯದು, ಆದರೆ ಬದುಕು ಕೇಳುವವರಂಥದ್ದೇ ಆಗಿರಲಿ: ದರ್ಜಿ, ಆಟೋ ಓಡಿಸುವವರು, ಎರಡು ಹಸು ಸಾಕಿದವರು. ದೊಡ್ಡ ಸಾಧಕರನ್ನು ಕರೆತಂದರೆ ಜನ ‘ಅವರ ವಿಷಯ ಬೇರೆ ಬಿಡಿ’ ಎಂದು ಪಕ್ಕಕ್ಕಿಡುತ್ತಾರೆ.

ಒಪ್ಪಿಗೆಯನ್ನು ಎರಡು ಸಲ ಕೇಳಿ, ಎರಡನೇ ಸಲ ಮನೆಯವರಿಲ್ಲದಾಗ. ಸಭೆಯ ದಿನ ಬೆಳಗ್ಗೆ ಬೇಡವೆಂದರೂ ‘ಆಯ್ತು’ ಅನ್ನಬೇಕು, ಕಾರಣ ಕೇಳಬಾರದು. ಫೋಟೋ, ವಿಡಿಯೋ, ವಾಟ್ಸಾಪ್ ಸ್ಟೇಟಸ್ ಯಾವುದೂ ಇಲ್ಲವೆಂದು ಎಲ್ಲರ ಮುಂದೆ ಹೇಳಿ. ಬಸ್ ಖರ್ಚು, ಆ ದಿನದ ಕೂಲಿ ಕೊಡಿ. ಮಾತು ಹತ್ತು ಹನ್ನೆರಡು ನಿಮಿಷ ಸಾಕು: ಏನಾಗಿತ್ತು, ಯಾರು ಕೈಹಿಡಿದರು, ಈಗ ದಿನ ಹೇಗೆ ಕಳೆಯುತ್ತದೆ. ಮೂರನೆಯದಕ್ಕೆ ಅರ್ಧ ಸಮಯ ಕೊಡಿಸಿ. ಕಾಯಿಲೆಯ ದಿನಗಳನ್ನೇ ಎಳೆದರೆ ಕೇಳುವವರಲ್ಲಿ ಅಯ್ಯೋ ಪಾಪ ಹುಟ್ಟುತ್ತದೆ, ಗೌರವ ಹುಟ್ಟುವುದಿಲ್ಲ. ಈಗಲೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಕಿಲ್ಲ. ಮಾತ್ರೆ ತಿನ್ನುತ್ತಲೇ ಬಟ್ಟೆ ಹೊಲಿದು ಮಕ್ಕಳ ಫೀಸು ಕಟ್ಟುವುದನ್ನು ಊರು ನೋಡಬೇಕು.

ನೀವು ಹೇಳಬೇಕಾದದ್ದು

‘ಖಿನ್ನತೆ’ ಎಂದು ಶುರುಮಾಡಿದರೆ ಪಾಠದಂತೆ ಕೇಳಿಸುತ್ತದೆ. ಜನ ಡಾಕ್ಟರ ಬಳಿ ಹೇಳುವುದು ಎದೆ ಡವಡವ, ಮೈಯೆಲ್ಲ ಉರಿ, ತಲೆ ಭಾರ, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ, ಊಟ ಸೇರಲ್ಲ, ಯಾರ ಜೊತೆಯೂ ಮಾತು ಬೇಡ ಅಂತಲೇ. ಅಲ್ಲಿಂದಲೇ ಶುರುಮಾಡಿ. ಇವು ಎರಡು ವಾರ ಬಿಡದೆ ಕಾಡಿ, ಕೆಲಸ ಕೆಡಿಸಿದರೆ ತೋರಿಸಬೇಕು ಎಂದು ಹೇಳಿ. ಅಂಕಿ ಒಂದೇ ಸಾಕು: ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಆಗ ಮಾನಸಿಕ ತೊಂದರೆ ಇತ್ತು. ಅಂದರೆ ಕೂತ ಇಪ್ಪತ್ತೈದರಲ್ಲಿ ಎರಡು ಮೂರು ಜನ. ‘ಮೆದುಳಿನ ರಾಸಾಯನಿಕ’ದ ಮಾತು ಉದ್ದ ಬೇಡ. ಅದರಿಂದ ರೋಗಿಯನ್ನು ದೂಷಿಸುವುದು ಕಡಿಮೆಯಾಗಬಹುದು, ಆದರೆ ‘ಹಾಗಾದರೆ ಇದು ಸರಿಹೋಗಲ್ಲ’ ಎಂಬ ಭಾವನೆ ಬಲಿಯುತ್ತದೆ.

ಬಂದೇ ಬರುವ ಪ್ರಶ್ನೆಗಳು

‘ನಿದ್ದೆ ಮಾತ್ರೆ ಕೊಡ್ತಾರೆ, ಚಟ ಆಗುತ್ತೆ.’ ಇಲ್ಲವೇ ಇಲ್ಲ ಎಂದು ಸಾಧಿಸಬೇಡಿ, ಸುಳ್ಳಾಗುತ್ತದೆ. ಆಲ್‌ಪ್ರಜೋಲಮ್‌ನಂಥ ನಿದ್ದೆ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಅಭ್ಯಾಸವಾಗುವುದು ನಿಜ. ಅದಕ್ಕೇ ಅವನ್ನು ಸ್ವಲ್ಪ ದಿನ ಮಾತ್ರ ಕೊಡಬೇಕು, ಅಂಗಡಿಯಿಂದ ತಾವಾಗಿ ತರಬಾರದು. ಖಿನ್ನತೆಯ ಮಾತ್ರೆ ಬೇರೆ. ಅದು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ವಾಕರಿಕೆ, ತಲೆನೋವು ಬರಬಹುದು. ಹೆಚ್ಚಿನವರು ಬಿಡುವುದು ಇಲ್ಲೇ: ಗುಣ ಕಾಣುವ ಮೊದಲೇ ವಾಕರಿಕೆ ಕಂಡಿರುತ್ತದೆ. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

‘ಕರೆಂಟ್ ಕೊಡ್ತಾರಂತೆ.’ ಕೆಲವರಿಗೆ ಮಾತ್ರ, ಅರಿವಳಿಕೆ ಕೊಟ್ಟು ಮಲಗಿಸಿದ ಮೇಲೆ. ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಕೊಡುವುದನ್ನು 2017ರ ಕಾಯ್ದೆಯೇ ನಿಷೇಧಿಸಿದೆ. ಕೆಲಕಾಲ ಮರೆವು ಬರಬಹುದು ಎಂಬುದನ್ನೂ ಹೇಳಿ.

‘ಮದುವೆ ಮಾಡಿದರೆ ಸರಿಹೋಗುತ್ತಾನೆ.’ ಆಗುವುದು ಉಲ್ಟಾ. ಗಂಡನ ಮನೆಯಲ್ಲೋ ಹೆಂಡತಿಗೋ ಗೊತ್ತಾಗದಿರಲಿ ಎಂದು ಮಾತ್ರೆ ಬಚ್ಚಿಟ್ಟು, ಆಮೇಲೆ ನಿಲ್ಲಿಸಿ, ಕಾಯಿಲೆ ಮರುಕಳಿಸುತ್ತದೆ. ಹೇಳಿಯೇ ಮದುವೆಯಾಗಲಿ. ಮದುವೆ ಗೊತ್ತಾದ ಹುಡುಗಿ ವಾಲ್ಪ್ರೊಯೇಟ್ (ಮನಸ್ಸಿನ ವಿಪರೀತ ಏರಿಳಿತಕ್ಕೂ ಮೂರ್ಛೆರೋಗಕ್ಕೂ ಕೊಡುವ ಮಾತ್ರೆ) ತೆಗೆದುಕೊಳ್ಳುತ್ತಿದ್ದರೆ ಬಸಿರಾಗುವ ಮೊದಲೇ ಡಾಕ್ಟರಿಗೆ ತಿಳಿಸಬೇಕು. ಅದು ಮಗುವಿಗೆ ಅಪಾಯ. ತಾನಾಗಿ ನಿಲ್ಲಿಸುವುದೂ ಬೇಡ.

ದೇವರು, ಗಾಳಿ, ಮಾಟದ ಮಾತು ಬಂದಾಗ ಜಗಳಕ್ಕಿಳಿದರೆ ಸಭೆ ಅಲ್ಲಿಗೇ ಮುಗಿಯಿತು. ‘ಹರಕೆ ತೀರಿಸಿ, ಮಾತ್ರೆಯನ್ನೂ ನುಂಗಿ’ ಅನ್ನಿ. ಪೂಜಾರಿಯನ್ನೋ ದರ್ಗಾದ ಹಿರಿಯರನ್ನೋ ಮುಂಚೆಯೇ ಕಂಡು, ಅವರ ಬಾಯಲ್ಲೇ ಈ ಮಾತು ಹೇಳಿಸಲು ಆದರೆ ಇನ್ನೂ ಒಳ್ಳೆಯದು. ಆದರೆ ಸರಪಳಿಯ ವಿಷಯದಲ್ಲಿ ರಾಜಿ ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಕರೆತಂದ ಮಾನಸಿಕ ರೋಗಿಗಳನ್ನು ಕಟ್ಟಿಹಾಕಿ ಇಟ್ಟಿದ್ದ ಆಶ್ರಮಕ್ಕೆ ಬೆಂಕಿ ಬಿದ್ದಾಗ ಸರಪಳಿ ಬಿಡಿಸಿಕೊಳ್ಳಲಾಗದೆ 28 ಜನ ಸತ್ತರು. ಕಾಯಿಲೆಯವರನ್ನು ಸರಪಳಿಯಿಂದ ಕಟ್ಟುವುದು ಈಗ ಕಾನೂನುಬಾಹಿರ.

ಸಾಯುವ ಮಾತು ಬಂದರೆ

ಇದನ್ನು ಗುಂಪಿನಲ್ಲಿ ಚರ್ಚಿಸಬೇಡಿ, ವಿಧಾನಗಳ ವಿವರವಂತೂ ಬೇಡವೇ ಬೇಡ. ಅನುಮಾನ ಬಂದವರನ್ನು ಒಬ್ಬರೇ ಇದ್ದಾಗ ನೇರವಾಗಿ ಕೇಳಿ: ‘ಸತ್ತುಹೋಗೋಣ ಅನ್ನೋ ಯೋಚನೆ ಬರುತ್ತಾ?’ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಅಲ್ಲಿಂದಲೇ 14416ಕ್ಕೆ ಕರೆ ಮಾಡಿ, ಅಪಾಯ ಹತ್ತಿರವೆನಿಸಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲಿರುವ ಕ್ರಿಮಿನಾಶಕವನ್ನು ಬೇರೆ ಮನೆಗೆ ಸಾಗಿಸಿ ಬೀಗ ಹಾಕಿಸಿ. ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆಯನ್ನು ತಪ್ಪಿಸುವವರಿದ್ದಾರೆ. ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ 2017ರ ಕಾಯ್ದೆ.

ಸಭೆ ಮುಗಿದ ಮೇಲೆ

ಅರ್ಧ ಗಂಟೆ ಅಲ್ಲೇ ಇರಿ, ಚಾಪೆ ಮಡಚುತ್ತಾ, ಲೋಟ ತೊಳೆಯುತ್ತಾ. ಎಲ್ಲರೆದುರು ಸುಮ್ಮನಿದ್ದವರು ‘ನಮ್ಮ ಸಂಬಂಧಿಕರೊಬ್ಬರಿಗೆ’ ಎಂದು ಮಾತು ತೆಗೆಯುವುದು ಆಗಲೇ. ಯಾರಿಗೆ ಎಂದು ಕೆದಕಬೇಡಿ. ಮಂಗಳವಾರದ ದಿನಾಂಕ, ಕೊಠಡಿ ಸಂಖ್ಯೆ, 14416 ಬರೆದ ಚೀಟಿಯನ್ನು ಬಂದವರಿಗೆಲ್ಲ ಕೊಡಿ. ಎಲ್ಲರ ಕೈಯಲ್ಲೂ ಇದ್ದಾಗ ಅದು ಯಾರನ್ನೂ ತೋರಿಸಿಕೊಡುವುದಿಲ್ಲ. ಮೊದಲ ಸಲ ಆಸ್ಪತ್ರೆಗೆ ಹೋಗುವವರ ಜೊತೆ ಒಬ್ಬರು ಹೋಗಬೇಕು. ಹತ್ತು ದಿನ ಬಿಟ್ಟು, ವಾಕರಿಕೆಯ ಕಾರಣಕ್ಕೆ ಮಾತ್ರೆ ಬಿಟ್ಟಿದ್ದಾರೆಯೇ ಎಂದು ಒಮ್ಮೆ ವಿಚಾರಿಸಿ.

ಲೆಕ್ಕ ಇಡುವುದಾದರೆ ಕುರ್ಚಿಗಳ ಲೆಕ್ಕ ಬೇಡ, ಹೆಸರುಗಳೂ ಬೇಡ. ಆಸ್ಪತ್ರೆಗೆ ಹೋದವರು ಎಷ್ಟು, ಮೂರನೇ ತಿಂಗಳಲ್ಲೂ ಚಿಕಿತ್ಸೆಯಲ್ಲಿರುವವರು ಎಷ್ಟು ಎಂಬುದನ್ನು ಮಾತ್ರ ಬರೆದಿಡಿ. ಅದೇ ಗುಂಪಿನ ಜೊತೆ ಮೂರು ತಿಂಗಳಿಗೊಮ್ಮೆಯಂತೆ ವರ್ಷವಿಡೀ ಕೂರಿ, ಪ್ರತಿ ಸಲ ಅನುಭವ ಹೇಳಲು ಬೇರೊಬ್ಬರನ್ನು ಕರೆಯಿರಿ.