ಗಿರಾಕಿ ಕಂಪನಿ ದಿವಾಳಿಗೆ ಹೋದರೆ, ಮಾಲು ಕೊಟ್ಟವರು ಏನು ಮಾಡಬೇಕು?

ತುಮಕೂರಿನ ಅಂತರಸನಹಳ್ಳಿಯಲ್ಲಿ ನಮ್ಮದು ರಟ್ಟಿನ ಬಾಕ್ಸ್ ಮಾಡುವ ಸಣ್ಣ ಘಟಕ. ನಮ್ಮ ಗಿರಾಕಿ ಕಂಪನಿಯೊಂದು ದಿವಾಳಿ ಪ್ರಕ್ರಿಯೆಗೆ ಹೋದಾಗ ನಮ್ಮ ಬಿಲ್‌ಗಳೂ ಅದರಲ್ಲಿ ಸಿಕ್ಕಿಕೊಂಡವು. ಈಗ ವಸಂತನರಸಾಪುರದ ಕಡೆಯಿಂದ ಯಾರಾದರೂ ಫೋನ್ ಮಾಡಿ, "ಅಕ್ಕಾ, ನಮ್ಮ ದುಡ್ಡಿನ ತೀರ್ಮಾನ ಯಾರ ಕೈಲಿದೆ?" ಅಂತ ಕೇಳುತ್ತಲೇ ಇರುತ್ತಾರೆ.

ಬ್ಯಾಂಕುಗಳ ಕೈಲಿ. 2016ರ ದಿವಾಳಿ ಕಾಯ್ದೆಯಂತೆ ಸಾಲ ಕೊಟ್ಟ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸೇರಿ ಒಂದು ಸಮಿತಿ ಆಗುತ್ತದೆ. ಎಲ್ಲರೂ ಅದನ್ನು ಸಿಒಸಿ ಅಂತಾರೆ. ಮಾಲು ಕೊಟ್ಟವರಿಗೆ ಅಲ್ಲಿ ಓಟಿಲ್ಲ. ನಮ್ಮಂಥವರ ಬಾಕಿ ಎಲ್ಲ ಸೇರಿ ಒಟ್ಟು ಸಾಲದ ಶೇ. 10 ಮುಟ್ಟಿದರೆ ಪ್ರತಿನಿಧಿ ಒಬ್ಬರು ಸಭೆಯಲ್ಲಿ ಕೂರಬಹುದು, ಅಷ್ಟೇ.

ಓಟಿಲ್ಲ ಅಂತ ಸುಮ್ನೆ ಕೂತರೆ ಇರುವುದೂ ಹೋಗುತ್ತದೆ. ಮೊದಲು ಕ್ಲೇಮ್ ಹಾಕಿ, ಅಂದರೆ ನಮಗೆ ಇಷ್ಟು ಬರಬೇಕು ಅಂತ ಬರೆದು ಕೊಡಿ. ಎನ್‌ಸಿಎಲ್‌ಟಿ (ಕಂಪನಿ ಕೇಸು ನೋಡುವ ನ್ಯಾಯಮಂಡಳಿ) ದಿವಾಳಿ ಅರ್ಜಿ ಒಪ್ಪಿ ಐಆರ್‌ಪಿಯನ್ನು, ಅಂದರೆ ಕಂಪನಿ ನೋಡಿಕೊಳ್ಳುವ ತಾತ್ಕಾಲಿಕ ಅಧಿಕಾರಿಯನ್ನು, ನೇಮಿಸಿದ ಮೇಲೆ ಅವರು ಪೇಪರ್‌ನಲ್ಲಿ ಪ್ರಕಟಣೆ ಕೊಡುತ್ತಾರೆ. ನೇಮಕವಾದ ದಿನದಿಂದ 14 ದಿನದ ಗಡುವು. ಪ್ರಕಟಣೆ ದಿವಾಳಿ ಮಂಡಳಿ ಐಬಿಬಿಐ ವೆಬ್‌ಸೈಟಿನಲ್ಲೂ ಸಿಗುತ್ತದೆ. ಮಾಲು ಕೊಟ್ಟ ನಮಗೆ ಕ್ಲೇಮ್ ಹಾಕಲು ಬೇಕಾದದ್ದು ಫಾರಂ ಬಿ. ಇನ್‌ವಾಯ್ಸ್, ಸೀಲ್ ಬಿದ್ದ ಚಲನ್, ಇ-ವೇ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಜೋಡಿಸಿ. ಬಾಯಿಮಾತಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಕೋರ್ಟಿಗೆ ಹೋಗುತ್ತೇನೆ ಅನ್ನಬೇಡಿ, ಕಂಪನಿ ಮೇಲಿನ ಕೇಸುಗಳಿಗೆ ತಡೆ ಇರುತ್ತದೆ. ಆದರೆ ಚೆಕ್ ಬೌನ್ಸ್ ಕೇಸು ಸಹಿ ಹಾಕಿದ ಡೈರೆಕ್ಟರ್ ಮೇಲೆ ಮುಂದುವರಿಯಬಹುದು. ಸುಪ್ರೀಂ ಕೋರ್ಟ್ 2021ರಲ್ಲೇ ಇದನ್ನು ಹೇಳಿದೆ.

ಆಮೇಲೆ ಸಮಿತಿಯ ಲೆಕ್ಕ ನೋಡಿ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಅಲ್ಲಿ ತಲೆ ಎಣಿಸುವುದಿಲ್ಲ, ಸಾಲದ ಪಾಲು ಎಣಿಸುತ್ತಾರೆ. ಮೂರು ಬ್ಯಾಂಕುಗಳ ಪಾಲು ಶೇ. 60, 25, 15 ಅಂತಿಟ್ಟುಕೊಳ್ಳಿ. ದಿನನಿತ್ಯದ ನಿರ್ಧಾರಕ್ಕೆ ಶೇ. 51 ಸಾಕು, ದೊಡ್ಡ ಬ್ಯಾಂಕೊಂದೇ ಮುಗಿಸುತ್ತದೆ. ಕಂಪನಿಯನ್ನು ಯಾರಿಗೆ ಕೊಡಬೇಕು, ಆರ್‌ಪಿಯನ್ನು (ಐಆರ್‌ಪಿ ನಂತರ ಪ್ರಕ್ರಿಯೆ ನಡೆಸುವ ಅಧಿಕಾರಿ) ಬದಲಾಯಿಸಬೇಕಾ ಅನ್ನುವುದಕ್ಕೆ ಶೇ. 66 ಬೇಕು. ಆಗ ದೊಡ್ಡದಕ್ಕೆ ಇನ್ನೊಂದು ಬ್ಯಾಂಕಿನ ಕೈ ಬೇಕೇ ಬೇಕು. ಹಳೆ ಮಾಲೀಕ ಎಲ್ಲರ ಜೊತೆ ಮಾತಾಡಿ ಕೇಸು ವಾಪಸ್ ತೆಗೆಸಬೇಕಾದರೆ ಶೇ. 90. ಶೇ. 15ರ ಬ್ಯಾಂಕೊಂದೇ ಬೇಡ ಅಂದರೂ ಅದು ನಿಲ್ಲುತ್ತದೆ. ಈ ಲೆಕ್ಕ ಇರುವುದು ಒಟ್ಟು ಪಾಲಿನ ಮೇಲೆ. ಓಟು ಹಾಕದೆ ಕೂತ ಬ್ಯಾಂಕೂ ವಿರೋಧ ಮಾಡಿದ ಹಾಗೇ ಆಗುತ್ತದೆ. ಹಾಗಾಗಿ "ಮಾಲೀಕರು ಸೆಟಲ್ ಮಾಡ್ತಾರಂತೆ" ಅನ್ನುವ ಗಾಳಿಸುದ್ದಿ ಬಂದರೆ ನಾನು ಮೊದಲು ಕೇಳುವುದು, ಚಿಕ್ಕ ಬ್ಯಾಂಕು ಏನಂತು ಅಂತ.

ಕಂಪನಿ ತಗೊಳ್ಳುವವರು ಯಾರಿಗೆ ಎಷ್ಟು ಕೊಡುತ್ತಾರೆ ಅನ್ನುವ, ಸಮಿತಿ ಒಪ್ಪಿದ ಪ್ಲಾನಿನಲ್ಲಿ ನಮಗೆ ಕಮ್ಮಿ ಬಂತು ಅಂತ ಎನ್‌ಸಿಎಲ್‌ಟಿಯ ಬೆಂಗಳೂರಿನ ಪೀಠಕ್ಕೆ ಹೋದರೆ, ಕಾನೂನು ಪಾಲಿಸಿದ್ದಾರಾ ಅಂತಷ್ಟೇ ನೋಡುತ್ತಾರೆ. ವ್ಯಾಪಾರದ ತೀರ್ಮಾನ ಸಮಿತಿಯದೇ ಅಂತ ಸುಪ್ರೀಂ ಕೋರ್ಟಿನ 2019ರ ಎಸ್ಸಾರ್ ಸ್ಟೀಲ್ ತೀರ್ಪು ಹೇಳಿದೆ. ಕಂಪನಿ ಮುಚ್ಚಿ ಆಸ್ತಿ ಮಾರಿದ್ದರೆ ಎಷ್ಟು ಸಿಗುತ್ತಿತ್ತೋ ಅಷ್ಟಕ್ಕಿಂತ ಕಮ್ಮಿ ಕೊಡುವ ಹಾಗಿಲ್ಲ. ಬ್ಯಾಂಕುಗಳಿಗೆ ಹಂಚಿದ ಮೇಲೆ ಅದು ಎಷ್ಟೋ ಸಲ ಸೊನ್ನೆ, ಅಲ್ವಾ!

ಪ್ರಕ್ರಿಯೆ ಶುರುವಾದ ಮೇಲೂ ಆರ್‌ಪಿ ಮಾಲು ಕೇಳಿದರೆ ಆರ್ಡರ್ ಬರೆದೇ ಕೊಡಿ ಅನ್ನಿ. ಆ ದುಡ್ಡು ಪ್ರಕ್ರಿಯೆಯ ಖರ್ಚಿಗೆ ಸೇರುತ್ತದೆ, ಬ್ಯಾಂಕುಗಳಿಗಿಂತ ಮೊದಲು ಕೊಡಬೇಕು. ಆ ಬಿಲ್‌ಗಳಿಗೆ ಬೇರೆ ಲೆಡ್ಜರ್ ತೆಗೆಯಿರಿ, ಹಳೆ ಬಾಕಿಯ ಜೊತೆ ಬೆರೆಸಬೇಡಿ.