ಮೂರು ಮಷೀನು, ಒಂದು ಹಳೇ ಜಿನ್ನಿಂಗ್ ಶೆಡ್ಡು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋ ಮನೆಗಳಿಗೆ ಬರವಿಲ್ಲ. ನಮ್ಮದೂ ಅಂಥದ್ದೇ. ಹನ್ನೆರಡು ವರ್ಷ ಬೇರೆಯವರ ಹತ್ತಿರ ಕಟಿಂಗ್ ಮಾಸ್ಟರ್ ಆಗಿದ್ದೆ. ಆಮೇಲೆ ಎಂಟು ಮಷೀನು ಹಾಕಿಕೊಂಡು ಸ್ವಂತ ಜಾಬ್‌ವರ್ಕ್, ಅಂದರೆ ವ್ಯಾಪಾರಿಗಳು ಕೊಟ್ಟ ಮಾಲು ಹೊಲಿದುಕೊಡುವ ಕೆಲಸ, ಶುರು ಮಾಡಿದೆ. ನಮ್ಮ ಓಣಿಯ ಕೊನೆಯಲ್ಲಿ ಒಂದು ಹಳೇ ಜಿನ್ನಿಂಗ್ ಮಿಲ್ಲಿನ ಕಾಂಪೌಂಡ್ ಇದೆ. ಒಂದು ಕಾಲದಲ್ಲಿ ಹತ್ತಿಯಿಂದ ಬೀಜ ಬಿಡಿಸಿ, ಅರಳೆ ಪ್ರೆಸ್ ಮಾಡಿ, 170 ಕೆಜಿಯ ಬೇಲ್ ಕಟ್ಟುತ್ತಿದ್ದ ಜಾಗ. ಒಳಗೆ ಹನ್ನೊಂದು ಶೆಡ್ಡು. ನಾನು ನೋಡುವ ಹೊತ್ತಿಗೆ ಎಲ್ಲಕ್ಕೂ ಬೀಗ, ಅಂಗಳದ ತುಂಬ ಜಾಲಿ.

ಮೊದಲು ನಾವು ಮಾಡಿದ್ದು ದಡ್ಡತನ. ನಾಲ್ಕೈದು ಯೂನಿಟ್‌ನವರು ಸೇರಿ ಜಾಲಿ ಕಡಿಸಿದೆವು, ಗೇಟಿಗೆ ಬಣ್ಣ ಹೊಡೆಸಿದೆವು, ದೊಡ್ಡ ಬೋರ್ಡ್ ಹಾಕಿದೆವು. ಯಾರಾದರೂ ದೊಡ್ಡ ಕುಳ ಬಂದು ಫ್ಯಾಕ್ಟರಿ ಹಾಕುತ್ತಾನೆ ಅಂತ ಲೆಕ್ಕ. ಒಂದು ವರ್ಷ ಕಾದೆವು. ಬಂದವನು ಗುಜರಿಯವನೊಬ್ಬನೇ, ಹಳೇ ಕಬ್ಬಿಣ ಕೇಳಿಕೊಂಡು.

ಆಗ ನನ್ನದೇ ಯೂನಿಟ್ ಲೆಕ್ಕ ತೆಗೆದೆ. ಹೆಣ್ಣುಮಕ್ಕಳು ಯಾಕೆ ಕೆಲಸ ಬಿಟ್ಟು ಹೋಗುತ್ತಾರೆ ಅಂತ ತಲೆಬಿಸಿ ಇತ್ತು. ನೋಟ್‌ಬುಕ್ಕಿನಲ್ಲಿ ಒಂದು ತಿಂಗಳು ಬರೆದಿಟ್ಟೆ. ಇಪ್ಪತ್ತಾರು ದಿನದಲ್ಲಿ ಒಂಬತ್ತು ದಿನ ಅವರು ಸುಮ್ನೆ ಕೂತಿದ್ದರು. ನಮ್ಮಲ್ಲಿ ಪೀಸ್ ರೇಟು. ಪೀಸ್ ಇಲ್ಲ ಅಂದರೆ ದುಡ್ಡಿಲ್ಲ. ಯಾರು ಇರುತ್ತಾರೆ?

ಕೂರಬೇಕಾಗಿ ಬಂದಿದ್ದು ಮೂರು ಮಷೀನಿನಿಂದ. ಜೀನ್ಸಿನ ಬಹುಪಾಲು ಹೊಲಿಗೆ ಮಾಮೂಲಿ ಮಷೀನಿನಲ್ಲೇ ಆಗುತ್ತದೆ. ಆದರೆ ಕಾಲಿನ ಉದ್ದಕ್ಕೂ ಬಟ್ಟೆ ಮಡಚಿ ಹಾಕುವ ಹೊಲಿಗೆಗೆ ‘ಫೀಡ್ ಆಫ್ ದಿ ಆರ್ಮ್’ ಬೇಕು, ಬೆಲ್ಟ್ ಲೂಪು, ಜೇಬಿನ ಮೂಲೆ ಗಟ್ಟಿ ಮಾಡೋಕೆ ಬಾರ್‌ಟ್ಯಾಕ್, ಸೊಂಟಕ್ಕೆ ಕಾಜಾ ಮಷೀನು. ಮೂರೂ ದುಬಾರಿ. ಎಂಟು ಮಷೀನಿನ ಯೂನಿಟ್ಟಿಗೆ ಅವು ದಿನಕ್ಕೆ ಒಂದೆರಡು ಗಂಟೆ ಓಡಿದರೆ ಜಾಸ್ತಿ. ಹಾಗಾಗಿ ಯಾರೂ ಕೊಳ್ಳುವುದಿಲ್ಲ. ಬಂಡಲ್ ಕಟ್ಟಿ ಆಟೋದಲ್ಲಿ ಊರಿನ ಆ ತುದಿಗೆ ಕಳಿಸಿ, ಎರಡು ದಿನ ಕಾಯುವುದು. ಅಷ್ಟರಲ್ಲಿ ವ್ಯಾಪಾರಿಯ ಮುಂದಿನ ಲಾಟ್, ಅಂದರೆ ಮುಂದಿನ ಸಲದ ಮಾಲು, ಬೇರೆಯವರ ಕೈಗೆ.

ಐದು ಜನ ದುಡ್ಡು ಹಾಕಿ ಮೂರೂ ಮಷೀನನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದೆವು. ಇಡೋಕೆ ಜಿನ್ನಿಂಗ್ ಶೆಡ್ಡು. ಎತ್ತರದ ಮಾಡು, ದೊಡ್ಡ ಕಿಟಕಿ, ಹೊಲಿಗೆಗೆ ಬೇಕಾದಷ್ಟು ಬೆಳಕು. ತೊಲೆಗಳ ಮೇಲೆ ಇನ್ನೂ ಹಳೇ ಅರಳೆ ಅಂಟಿಕೊಂಡಿತ್ತು. ಮೊದಲು ಅದನ್ನೆಲ್ಲ ಕೆರೆದು ತೆಗೆಸಿದೆವು. ಒಂದು ಕಿಡಿ ಸಾಕು, ಅಲ್ವಾ? ಶೀಟಿನ ಮೇಲೆ ಎರಡು ಕೋಟು ಸುಣ್ಣ ಹೊಡೆಸಿದೆವು. ಏಪ್ರಿಲ್‌ನಲ್ಲಿ ಇಲ್ಲಿ ನಲವತ್ತು ಡಿಗ್ರಿ ದಾಟುತ್ತದೆ. ಸುಣ್ಣ ಇಲ್ಲದಿದ್ದರೆ ಮಧ್ಯಾಹ್ನ ಯಾರೂ ಕೂರುವುದಿಲ್ಲ.

ಕಾಗದಪತ್ರದಲ್ಲಿ ಎರಡು ಕಡೆ ಎಡವಿದೆವು. ಮಿಲ್ಲಿನ ಸಾವ್ಕಾರರ ಮೂವರು ಮಕ್ಕಳ ಜೊತೆ ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿಕೊಂಡಿದ್ದೆವು, ರಿಜಿಸ್ಟ್ರೇಷನ್ ಖರ್ಚು ಉಳಿಯಲಿ ಅಂತ. ಸಾಲಕ್ಕೆ ಹೋದಾಗ ಬ್ಯಾಂಕಿನವರು ಅದನ್ನು ಮುಟ್ಟಲೂ ಇಲ್ಲ. ಸಾಲ ತೀರುವಷ್ಟು ಕಾಲದ ರಿಜಿಸ್ಟರ್ಡ್ ಲೀಸ್ ಬೇಕಿತ್ತು. ಇನ್ನೊಂದು ಕರೆಂಟು. ತ್ರೀ ಫೇಸ್ ಕೇಳಿದರೆ, ಮಿಲ್ ಮುಚ್ಚಿದಾಗಿನ ಹಳೇ ಬಾಕಿ ಆ ಜಾಗದ ಮೇಲೇ ಇತ್ತು. ಅದು ತೀರದೆ ಹೊಸ ಕನೆಕ್ಷನ್ ಇಲ್ಲ. ಅಣ್ಣ ತಮ್ಮಂದಿರನ್ನು ಕೂರಿಸಿ, ಬಾಕಿ ನಾವು ಕಟ್ಟುತ್ತೇವೆ, ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇವೆ ಅಂತ ಒಪ್ಪಿಸಲು ಐದು ತಿಂಗಳು ಹಿಡಿಯಿತು. ಹಳೇ ಕಾಂಪೌಂಡಿಗೆ ಕೈ ಹಾಕುವವರು ಮೊದಲು ಕರೆಂಟ್ ಬಾಕಿ ವಿಚಾರಿಸಿ. ಬಣ್ಣ ಆಮೇಲೆ.

ಮಷೀನು ಓಡಿದ ಮೊದಲ ವಾರವೇ ಜಗಳ. ಯಾರ ಲಾಟ್ ಮುಂದೆ? ಗೋಡೆಗೆ ಒಂದು ಕರಿಹಲಗೆ ಹಾಕಿದೆವು. ಬೆಳಿಗ್ಗೆ ಹತ್ತರೊಳಗೆ ಬಂದ ಬಂಡಲ್ ಸಂಜೆಗೆ ವಾಪಸ್. ಬಂದ ಸಾಲಿನಲ್ಲೇ ಹೆಸರು. ದುಡ್ಡು ಹಾಕಿದವನಿಗೂ, ಹಾಕದೆ ಪೀಸಿಗಿಷ್ಟು ಅಂತ ಕೊಡುವವನಿಗೂ ಒಂದೇ ಸಾಲು. ಈ ಹಲಗೆ ನೋಡಿಯೇ ಸಣ್ಣ ಯೂನಿಟ್‌ನವರು ಪಕ್ಕದ ಶೆಡ್ಡುಗಳಿಗೆ ಬಂದರು ಅಂತ ನನ್ನ ನಂಬಿಕೆ.

ಆದರೂ ಹೊಲಿಯೋ ಕೈ ಸಾಲಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಬಸ್ ಫ್ರೀ. ಸುತ್ತಲಿನ ಹಳ್ಳಿಯವರು ಬರುತ್ತಾರೆ ಅಂದುಕೊಂಡೆ. ಬಂದರು, ಎರಡು ವಾರದಲ್ಲಿ ಬಿಟ್ಟರು. ಒಬ್ಬ ಅಕ್ಕನ್ನ ಕೇಳಿದೆ.

‘ಮಾಸ್ಟ್ರೇ, ನೀವು ಆರೂವರೆಗೆ ಬಿಡ್ತೀರಿ. ನಮ್ಮೂರಿನ ಬಸ್ಸು ಆರಕ್ಕೇ ಹೋಗಿರ್ತೈತಿ. ಆಟೋದವನಿಗೆ ಕೊಟ್ರೆ ನನಗೇನು ಉಳೀತೈತ್ರೀ?’

ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಒಂಬತ್ತೂವರೆಯಿಂದ ಐದೂವರೆಗೆ ಇನ್ನೊಂದು ಪಾಳಿ ಮಾಡಿದೆವು. ಬಾಗಿಲು ಗಟ್ಟಿ ಇರುವ, ನೀರು ಬರುವ ಶೌಚಾಲಯ ಎರಡು ಕಟ್ಟಿಸಿದೆವು. ನಿಜ ಹೇಳಬೇಕೆಂದರೆ ಆ ಮೂರು ಮಷೀನಿನಷ್ಟೇ ಕೆಲಸ ಈ ಪಾಳಿ, ಈ ಶೌಚಾಲಯ ಮಾಡಿದವು.

ಇಎಸ್ಐ, ಅಂದರೆ ಕೆಲಸದವರ ಸರ್ಕಾರಿ ವಿಮೆ, ಅದರ ವಿಚಾರದಲ್ಲಿ ನಾನು ಕಳ್ಳಾಟ ಆಡಿದ್ದೂ ಹೌದು. ಹತ್ತು ಜನ ಆದರೆ ಕಟ್ಟಬೇಕು. ನಾನು ಒಂಬತ್ತಕ್ಕೇ ನಿಲ್ಲಿಸಿಕೊಂಡಿದ್ದೆ, ಉಳಿದವರನ್ನು ಬೇರೆ ಹೆಸರಿನಲ್ಲಿ ತೋರಿಸುತ್ತಿದ್ದೆ. ಕೆಲಸದವರಿಗೂ ಕಡಿತ ಬೇಡವಾಗಿತ್ತು, ಸಂಬಳದಲ್ಲಿ ಮುಕ್ಕಾಲು ಪರ್ಸೆಂಟ್ ಅಷ್ಟೇ ಆದರೂ. ಕೊನೆಗೆ ಹೆದರಿಕೆಗೇ ಸರಿಮಾಡಿದೆ. ಮರುವರ್ಷ ಬಾರ್‌ಟ್ಯಾಕ್ ನಡೆಸುತ್ತಿದ್ದ ಹುಡುಗಿಗೆ ಹೆರಿಗೆಯಾಯಿತು. ಇಎಸ್ಐನಿಂದ 26 ವಾರದ ಸಂಬಳ ಖಾತೆಗೆ ಬಿತ್ತು. ಅದಾದ ಮೇಲೆ ಕಡಿತದ ಬಗ್ಗೆ ಯಾರೂ ಮಾತಾಡಿಲ್ಲ.

ಇಬ್ಬರು ಹೆಣ್ಣುಮಕ್ಕಳು ಪಿಎಂಇಜಿಪಿ, ಅಂದರೆ ಸ್ವಂತ ಉದ್ಯೋಗಕ್ಕೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಯೋಜನೆಯಲ್ಲಿ ಸಾಲ ತೆಗೆದು ತಾವೇ ಯೂನಿಟ್ ಹಾಕಿದ್ದಾರೆ. ನಗರದಲ್ಲಿ ಯೂನಿಟ್ ಹಾಕುವ ಮಹಿಳೆಯರಿಗೆ ಅದರಲ್ಲಿ 25% ಸಬ್ಸಿಡಿ, ಕೈಯಿಂದ ಹಾಕಬೇಕಾದ್ದು 5%. ಆದರೆ ಸಬ್ಸಿಡಿ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಡೆಪಾಸಿಟ್ ಆಗಿ ಕೂತಿರುತ್ತದೆ. ಇದು ಗೊತ್ತಿಲ್ಲದೆ ಒಬ್ಬಾಕೆ ಆ ದುಡ್ಡು ನಂಬಿ ಬಟ್ಟೆ ತಂದು ಪೇಚಿಗೆ ಸಿಕ್ಕಿದಳು. ಬಟ್ಟೆಯವನಿಗೆ ಕಂತು ಮಾಡಿಸಿಕೊಟ್ಟೆವು. ಇನ್ನು ಲಾಟ್ ಕೊಟ್ಟ ವ್ಯಾಪಾರಿಗಳು ಬಿಲ್ ಎಳೆದಾಡುವುದು ಇದ್ದದ್ದೇ. ನಮ್ಮ ಯೂನಿಟ್‌ನವರೆಲ್ಲರ ಹತ್ತಿರ ಉದ್ಯಮ್, ಅಂದರೆ ಸಣ್ಣ ಉದ್ದಿಮೆಯ ಸರ್ಕಾರಿ ರಿಜಿಸ್ಟ್ರೇಷನ್ ಮಾಡಿಸಿ, ನಂಬರನ್ನು ಬಿಲ್ಲಿನ ಮೇಲೇ ಹಾಕಿಸಿದೆ. ಅಂಥವರಿಗೆ ಬಿಲ್ ದುಡ್ಡು ಕೊಡಲು, ಬರವಣಿಗೆಯಲ್ಲಿ ಒಪ್ಪಂದ ಇದ್ದರೂ, 45 ದಿನ ದಾಟುವಂತಿಲ್ಲ. ದಾಟಿದರೆ, 2024ರ ಏಪ್ರಿಲ್‌ನಿಂದ, ಕೊಡುವ ತನಕ ಆ ಖರ್ಚನ್ನು ವ್ಯಾಪಾರಿಗಳು ಟ್ಯಾಕ್ಸ್ ಲೆಕ್ಕದಲ್ಲಿ ತೋರಿಸಲಾಗದು. ಇದನ್ನು ಮೆತ್ತಗೆ ಜ್ಞಾಪಿಸಿದರೆ ಸಾಕು, ಮಾರ್ಚ್ ಕೊನೆಗೆ ಫೋನು ಅವರೇ ಮಾಡುತ್ತಾರೆ.

ಹೊಲಿದ ಜೀನ್ಸಿನ ಬಣ್ಣ ಮಾಸಿಸುವ ವಾಷಿಂಗ್ ಮಾತ್ರ ಕಾಂಪೌಂಡಿನೊಳಗೆ ಬೇಡ ಅಂದೆವು. ‘ಒಂದು ಬೋರ್ ಹಾಕ್ಸಿ, ಎರಡು ಡ್ರಮ್ ಕೂರ್ಸು, ಲಾಭ ಅಲ್ಲೇ ಐತಿ’ ಅಂದವರು ಬಹಳ. ಇರಬಹುದು. ಆದರೆ ನೀಲಿ ನೀರು, ಅದರ ಕೆಸರು, ಎಲ್ಲವನ್ನೂ ಶುದ್ಧ ಮಾಡುವ ಪ್ಲಾಂಟ್ ಹಾಕಿ ನಡೆಸುವ ತಾಕತ್ತು ನಮಗಿಲ್ಲ. ಕದ್ದು ಚರಂಡಿಗೆ ಬಿಟ್ಟರೆ ಒಂದು ದಿನ ಹನ್ನೊಂದೂ ಶೆಡ್ಡಿಗೆ ಬೀಗ ಬೀಳುತ್ತದೆ. ಹಾಗಾಗಿ ಪ್ಲಾಂಟ್ ಇರುವವರ ಹತ್ತಿರ ದುಡ್ಡು ಕೊಟ್ಟೇ ಮಾಡಿಸುತ್ತೇವೆ. ಪೀಸಿಗೆ ಉಳಿಯುವುದು ಕಮ್ಮಿ.

ಈಗ ಏಳು ಶೆಡ್ಡು ತೆರೆದಿವೆ. ಎಂಟನೆಯದರಲ್ಲಿ ಹಳೇ ಪ್ರೆಸ್ಸಿನ ಗುಂಡಿ ಇದೆ, ಆಳುದ್ದ. ಅದನ್ನು ಮುಚ್ಚಿಸೋಣ ಅಂತ ನಾನು, ಒಳಗೆ ರ‍್ಯಾಕ್ ಹಾಕಿ ಬಟ್ಟೆ ಥಾನು ಇಡೋಣ ಅಂತ ಉಳಿದವರು. ಮಳೆಗಾಲದಲ್ಲಿ ನೀರು ಎಷ್ಟು ನಿಲ್ಲುತ್ತದೆ ಅಂತ ನೋಡಲು ಗುಂಡಿಯ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಟ್ಟಿದ್ದೇವೆ.